ಒಗೆಯುವ ಕಲ್ಲಿನಿಂದ ಒಗೆಯುವ ಯಂತ್ರದವರೆಗೆ

ರಾಜರು ಏನು ಉಡುತ್ತಿದ್ದರು ಎಂಬುದನ್ನು ಚರಿತ್ರೆಯ ಪುಸ್ತಕಗಳು ಬೇಕಾದಷ್ಟು ಹೇಳುತ್ತವೆ. ಆ ಉಡುಪನ್ನು ಒಗೆದವರು ಯಾರು, ಯಾವ ನೀರಿನಲ್ಲಿ ಒಗೆದರು, ಒಗೆದದ್ದಕ್ಕೆ ಅವರಿಗೆ ಸಿಕ್ಕಿದ್ದೇನು ಎಂದು ಹುಡುಕಿದರೆ ನಾಲ್ಕು ಸಾಲು ಸಿಗುವುದೂ ಕಷ್ಟ. ಅಡುಗೆಯನ್ನು ಬಿಟ್ಟರೆ ಮನೆಯಲ್ಲಿ ಅತಿ ಹೆಚ್ಚು ಬೆವರು ಬೇಡುವ ಕೆಲಸ ಇದೇ ಆಗಿದ್ದರೂ ಇದಕ್ಕೊಂದು ಚರಿತ್ರೆ ಇದೆಯೆಂದು ನಾವು ಯೋಚಿಸುವುದಿಲ್ಲ. ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಮುಂಬಾಗಿಲಿನ ವಾಷಿಂಗ್ ಮೆಷಿನ್ ಬಂದ ಮೇಲೆ, ಅದು ಯಾರ ಜಾಗದಲ್ಲಿ ಬಂದು ಕುಳಿತಿದೆ ಎಂಬ ಪ್ರಶ್ನೆ ನಮ್ಮನ್ನು ಕಾಡತೊಡಗಿತು. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ನಮ್ಮ ನಾಡಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರ ವ್ಯವಸ್ಥೆ ಇತ್ತು. ಕಮ್ಮಾರ, ಬಡಗಿ, ಕುಂಬಾರರಂತೆ ಅಗಸನೂ ಅದರಲ್ಲೊಬ್ಬ. ವರ್ಷವಿಡೀ ಊರಿನ ಬಟ್ಟೆ ಒಗೆದವನಿಗೆ ಸುಗ್ಗಿಯ ಕಾಲದಲ್ಲಿ ಕಣದ ಧಾನ್ಯ ಅಳೆದು ಕೊಡುತ್ತಿದ್ದರು. ಸವಳು ಮಣ್ಣು ಕಲಸಿದ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ದೊಡ್ಡ ಬಾನಿಯ ಮೇಲೆ ಪೇರಿಸಿ, ಕೆಳಗೆ ಉರಿ ಹಾಕಿ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಹಾಕುವುದು ಎನ್ನುತ್ತಿದ್ದರು. ಉಬ್ಬೆಯಿಂದ ಇಳಿದ ಬಟ್ಟೆ ಕೆರೆಯ ಕಲ್ಲಿಗೆ ಹೋಗುತ್ತಿತ್ತು. ಆಮೇಲೆ ನೀಲಿ, ಗಂಜಿ, ಇಸ್ತ್ರಿ. ಯಾರ ಬಟ್ಟೆ ಯಾರದೆಂದು ತಪ್ಪದಂತೆ ಕರಿಗೇರಿನ ರಸದಲ್ಲಿ ಮನೆಗೊಂದು ಗುರುತು ಹಾಕುತ್ತಿದ್ದ. ಅಕ್ಷರ ಕಲಿಯದವನು ಇಡೀ ಊರಿನ ಲೆಕ್ಕವನ್ನು ಹೀಗೆ ಬಟ್ಟೆಯ ಅಂಚಿನಲ್ಲೇ ಬರೆದಿಡುತ್ತಿದ್ದ.

ದೇವರ ಉತ್ಸವಕ್ಕೆ, ಮದುವೆಯ ದಿಬ್ಬಣಕ್ಕೆ ನಡೆಮಡಿ ಹಾಸುವವನೂ ಅವನೇ. ಹೆರಿಗೆಯ ಮನೆಯ, ಸಾವಿನ ಮನೆಯ, ಮುಟ್ಟಿನ ಬಟ್ಟೆಗಳು ಸೇರುತ್ತಿದ್ದುದೂ ಅವನ ಮನೆಯ ಹೆಂಗಸರ ಕೈಗೇ. ಊರಿಗೆಲ್ಲ ಮಡಿ ಕೊಟ್ಟವನನ್ನು ಊರು ಮಡಿಯಿಂದ ಹೊರಗಿಟ್ಟಿತು. ಅಗಸನ ಮನೆಯಿಂದ ಬಂದ ಬಟ್ಟೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿ ಹಿಂಡಿದ ಮೇಲಷ್ಟೇ ಮಡಿಗೆ ಉಡುವ ಮನೆಗಳಿದ್ದವು. ಕೊಳೆ ಹೋಗಿದ್ದರೂ ಕೊಳೆ ತೆಗೆದ ಕೈಯ ಮೇಲಿನ ಸಂಶಯ ಹೋಗಿರಲಿಲ್ಲ.

ಈ ಸಂಶಯಕ್ಕೆ ನಮ್ಮ ನಾಡಿನಲ್ಲೇ ದೊಡ್ಡದೊಂದು ಉತ್ತರ ಹುಟ್ಟಿದ್ದು 12ನೇ ಶತಮಾನದಲ್ಲಿ. ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವ ಶರಣರ ಬಟ್ಟೆಗಳನ್ನಷ್ಟೇ ಒಗೆಯುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಯಾರು ಯಾರ ಬಟ್ಟೆ ಮುಟ್ಟಬೇಕು ಎಂಬ ತೀರ್ಮಾನವನ್ನು ಒಗೆಯುವವನೇ ಕೈಗೆತ್ತಿಕೊಂಡದ್ದು ಇಲ್ಲಿಯ ವಿಶೇಷ. ಆತ ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನೂ ರಚಿಸಿದ. ಈಗ ಸರಕಾರ ಫೆಬ್ರವರಿ 1ರಂದು ಮಾಚಿದೇವ ಜಯಂತಿ ಆಚರಿಸುತ್ತದೆ. ಆದರೆ ಜಯಂತಿಯ ಮರುದಿನ ರಸ್ತೆ ಬದಿಯ ಇಸ್ತ್ರಿ ಗಾಡಿಯವನ ಹೆಸರು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನೆಲ್ಲ ಓದುವಾಗ ಮುಸ್ಲಿಮರಾದ ನಾವು, ಇದು ಇನ್ನೊಬ್ಬರ ಮನೆಯ ಕಥೆ ಎಂದು ಕೈ ಕಟ್ಟಿ ಕೂರುವಂತಿಲ್ಲ. ನಮ್ಮ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲ, ನಿಜ. ಕುರ್‌ಆನಿನ ಮೊದಮೊದಲ ಅವತೀರ್ಣಗಳಲ್ಲಿ ಸೇರಿದ ಅಲ್ ಮುದ್ದಸ್ಸಿರ್ ಅಧ್ಯಾಯದಲ್ಲೇ ಉಡುಪನ್ನು ಶುಚಿಯಾಗಿಡಬೇಕೆಂಬ ಆದೇಶವಿದೆ. ನಮಾಝಿಗೆ ಮೈ ಶುದ್ಧವಾಗಿದ್ದರೆ ಸಾಲದು, ಬಟ್ಟೆಯೂ ಪಾಕ್ ಆಗಿರಬೇಕು. ಕಣ್ಣಿಗೆ ಕಾಣದ ನಜಾಸತ್ ತಗುಲಿದ ಬಟ್ಟೆಯನ್ನು ಮೂರು ಸಲ ತೊಳೆದು ಮೂರು ಸಲವೂ ಹಿಂಡಬೇಕೆಂಬುದು ಹನಫೀ ಫಿಕ್ಹ್‌ನ ನಿಯಮ. ಮೌಲಾನಾ ಅಶ್ರಫ್ ಅಲಿ ಥಾನವಿ ಅವರ ‘ಬಹಿಶ್ತೀ ಝೇವರ್’ ಉರ್ದು ಓದು ಬಲ್ಲ ಮನೆಗಳ ಹೆಣ್ಣುಮಕ್ಕಳಿಗೆ ಇಂಥ ನಿಯಮಗಳನ್ನು ತಲೆಮಾರುಗಳಿಂದ ಕಲಿಸುತ್ತ ಬಂದಿದೆ. ಈ ನಿಯಮ ಕೇಳುವುದು ನೀರನ್ನು ಮತ್ತು ಹಿಂಡುವಿಕೆಯನ್ನು. ಒಗೆದವರ ಹುಟ್ಟನ್ನು ಅದು ಕೇಳುವುದೇ ಇಲ್ಲ. ಹೀಗಿದ್ದೂ ಧೋಬಿ ತಂದ ಗಂಟನ್ನು ಬಾಗಿಲಲ್ಲೇ ಇಳಿಸಿಕೊಂಡು, ಅವನಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟ ಮನೆಗಳು ನಮ್ಮ ಮೊಹಲ್ಲಾಗಳಲ್ಲೂ ಇದ್ದವು. ಪಾಕ್ ಎಂಬ ಮಾತು ಫಿಕ್ಹ್‌ನಿಂದ ಬಂದಿತ್ತು, ಆ ಬೇರೆ ಲೋಟ ಬಂದದ್ದು ಎಲ್ಲಿಂದ?

ಅಗಸನ ಕೆಲಸ ಮನೆಯೊಳಗೆ ಬಂದದ್ದು ಹೇಗೆ ಎಂಬುದನ್ನೂ ನೋಡಬೇಕು. ಇದಕ್ಕೆ ಮೊದಲು ಬೇಕಾದದ್ದು ನಲ್ಲಿಯ ನೀರು. ಮೈಸೂರಿಗೆ ಕಾವೇರಿ ನೀರನ್ನು ಕೊಳಾಯಿಯಲ್ಲಿ ತಂದ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಶುರುವಾದದ್ದು 1896ರಲ್ಲಿ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದ ಕಾಲವದು. ನಮ್ಮ ಪಕ್ಕದ ವಾಣಿವಿಲಾಸ ಮೊಹಲ್ಲಾ, ಅಂದರೆ ಒಂಟಿಕೊಪ್ಪಲು, ಅವರ ಹೆಸರನ್ನೇ ಹೊತ್ತಿದೆ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದ ಮೇಲೆ ಇಕ್ಕಟ್ಟಾದ ಹಳೆಯ ಕೇರಿಗಳ ಬದಲು ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೇಕೆಂಬ ಅರಿವು ಮೂಡಿತು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂತು, 1908ರಲ್ಲಿ ಮೈಸೂರಿಗೆ. ನಮ್ಮ ಬಡಾವಣೆಗೆ ಸಮೀಪದ ಜಯಲಕ್ಷ್ಮಿ ವಿಲಾಸ ಅರಮನೆ ಕಟ್ಟಿದ್ದೂ ಅದೇ ಸುಮಾರಿಗೆ, 1905ರಲ್ಲಿ. ನೀರು, ಬೆಳಕು ಎರಡೂ ಹೀಗೆ ನೂರು ವರ್ಷಕ್ಕೂ ಹಿಂದೆಯೇ ಬಂದವು. ಆದರೂ ಬಟ್ಟೆ ಮಾತ್ರ ಕಲ್ಲನ್ನು ಬಿಡಲಿಲ್ಲ.

ಮುಂದಿನ ಹೆಜ್ಜೆ ಸೋಪಿನದು. ಸನ್‌ಲೈಟ್ ಬಾರ್ ಸೋಪಿನ ಪೆಟ್ಟಿಗೆಗಳು ಇಂಗ್ಲೆಂಡಿನಿಂದ ಕಲ್ಕತ್ತಾ ಬಂದರಿಗೆ ಬಂದದ್ದು 1888ರಲ್ಲಿ. ಸರ್ಫ್ ಪುಡಿ 1959ರಲ್ಲಿ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಶುರು ಮಾಡಿದ ಮೇಲೆ ಪುಡಿ ಬಡವರ ಕೈಗೂ ಎಟುಕಿತು. ಜೊತೆಗೆ ನೈಲಾನ್, ಟೆರಿಕಾಟ್ ಬಟ್ಟೆಗಳು ಬಂದವು. ಇವಕ್ಕೆ ಉಬ್ಬೆ ಬೇಡ, ಗಂಜಿ ಬೇಡ. ಬಕೆಟ್ಟಿನಲ್ಲಿ ನೆನೆಸಿದರೆ ಆಯಿತು. ಅಗಸ ವಾರಕ್ಕೊಮ್ಮೆ ಬರುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಬರುವುದೇ ನಿಂತಿತು. ಅವನ ಹೆಗಲಿನ ಗಂಟು ಇಳಿದದ್ದು ಮನೆಯ ಹೆಂಗಸಿನ ಸೊಂಟದ ಮೇಲೆ. ಅವನಿಗಾದರೂ ಸುಗ್ಗಿಯಲ್ಲಿ ಧಾನ್ಯ ಸಿಗುತ್ತಿತ್ತು, ಇವಳಿಗೆ ಅದೂ ಇಲ್ಲ.

ಯಂತ್ರದ ಕನಸು ಮಾತ್ರ ಬಹಳ ಹಳೆಯದು. ಜರ್ಮನಿಯ ರೇಗನ್ಸ್‌ಬರ್ಗ್‌ನ ಪಾದ್ರಿ ಹಾಗೂ ವಿಜ್ಞಾನಿ ಯಾಕೋಬ್ ಕ್ರಿಶ್ಚಿಯನ್ ಶೆಫರ್ 1767ರಲ್ಲೇ ಮರದ ಪೀಪಾಯಿಯ ಒಗೆಯುವ ಯಂತ್ರದ ವಿನ್ಯಾಸ ಪ್ರಕಟಿಸಿದ್ದ. ಒಗೆದು, ಜಾಲಿಸಿ, ಹಿಂಡುವ ಮೂರೂ ಕೆಲಸಗಳನ್ನು ತಾನಾಗಿ ಮುಗಿಸುವ ಮುಂಬಾಗಿಲಿನ ಯಂತ್ರವನ್ನು ಅಮೆರಿಕದ ಬೆಂಡಿಕ್ಸ್ ಕಂಪೆನಿ 1937ರಲ್ಲಿ ಜನರ ಮುಂದಿಟ್ಟಿತು. ತಿರುಗುವಾಗ ಅದು ಎಷ್ಟು ಅದುರುತ್ತಿತ್ತೆಂದರೆ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಈಗಿನ ಯಂತ್ರಗಳಲ್ಲಿ ಅದುರುವಿಕೆ ತಡೆಯಲು ಒಳಗೆ ಭಾರದ ದಿಮ್ಮಿಗಳನ್ನು ಕೂರಿಸಿರುತ್ತಾರೆ. ನಮ್ಮ ಮನೆಯ ಮೆಟ್ಟಿಲು ಹತ್ತಿಸಲು ಇಬ್ಬರು ಗಟ್ಟಿಮುಟ್ಟಾದ ಹುಡುಗರು ಏದುಸಿರು ಬಿಟ್ಟದ್ದು ಇದಕ್ಕೇ.

ಜೋಡಿಸಲು ಬಂದ ಹುಡುಗ ಮೊದಲು ಹಿಂಬದಿಯ ಬೋಲ್ಟುಗಳನ್ನು ಬಿಚ್ಚಿದ. ಸಾಗಿಸುವಾಗ ಡ್ರಮ್ ಅಲುಗಾಡದಿರಲೆಂದು ಹಾಕಿದ ಬೋಲ್ಟುಗಳವು. ಅವನ್ನು ತೆಗೆಯದೆ ಓಡಿಸಿದರೆ ಯಂತ್ರ ಹಾಳಾಗುತ್ತದೆ. ನಾಲ್ಕು ಕಾಲುಗಳನ್ನು ಹೆಚ್ಚು ಕಡಿಮೆ ತಿರುಗಿಸಿ ಮಟ್ಟ ಮಾಡಿದ. ನಲ್ಲಿಯ ಬಾಯಿಗೆ ಸಣ್ಣ ಜರಡಿ ಹಾಕಿದ. ಮೊದಲ ಸುತ್ತು ಬಟ್ಟೆಯಿಲ್ಲದೆ ಖಾಲಿಯಾಗಿಯೇ ಓಡಬೇಕೆಂದ. ನಮ್ಮ ಟ್ಯಾಂಕು ತಾರಸಿಯ ಮೇಲೆ ಬಹಳ ಎತ್ತರದಲ್ಲಿಲ್ಲ, ಹಾಗಾಗಿ ನೀರು ತುಂಬಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ಅಷ್ಟೆ.

ಎರಡನೆಯ ಸುತ್ತಿಗೆ ಬಟ್ಟೆ ಹಾಕಿದಾಗ ನಮ್ಮ ಅಮ್ಮಿ ಒಂದು ಮಣೆ ಎಳೆದುಕೊಂಡು ಗಾಜಿನ ಬಾಗಿಲಿನ ಮುಂದೆ ಕೂತರು. ಅವರ ಪ್ರಶ್ನೆ ಒಂದೇ: “ಇಷ್ಟು ನೀರಲ್ಲಿ ಕಪಡಾ ಪಾಕ್ ಆಗುತ್ತಾ?” ಪ್ರಶ್ನೆ ಸಣ್ಣದಲ್ಲ. ನಿಂತ ಡ್ರಮ್ಮಿನ ಯಂತ್ರದಲ್ಲಿ ಬಟ್ಟೆ ಮುಳುಗುವಷ್ಟು ನೀರು ಬೇಕು. ಮಲಗಿದ ಡ್ರಮ್ಮಿನಲ್ಲಿ ತಳದಲ್ಲಿ ಮಾತ್ರ ನೀರಿರುತ್ತದೆ. ಡ್ರಮ್ಮಿನೊಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಬೀಳಿಸುತ್ತವೆ, ಮತ್ತೆ ಎತ್ತುತ್ತವೆ, ಮತ್ತೆ ಬೀಳಿಸುತ್ತವೆ. ಅಗಸ ಕೆರೆಯ ಕಲ್ಲಿನ ಮೇಲೆ ಮಾಡುತ್ತಿದ್ದುದೂ ಇದನ್ನೇ. ಆದ್ದರಿಂದ ಕಡಿಮೆ ನೀರಿನಲ್ಲೇ ಕೊಳೆ ಬಿಡುತ್ತದೆ. ಏಳು ಕಿಲೋ ಯಂತ್ರಕ್ಕೆ ಒಂದು ಸಲಕ್ಕೆ ಸುಮಾರು 50ರಿಂದ 70 ಲೀಟರ್ ಸಾಕು.

ಅಮ್ಮಿಗೆ ಲೀಟರಿನ ಲೆಕ್ಕ ಬೇಕಿರಲಿಲ್ಲ. ಸೋಪಿನ ನೀರು ಹೊರಹೋಯಿತು. ಹೊಸ ನೀರು ಬಂತು, ಬಟ್ಟೆ ಹೊರಳಿತು, ನೀರು ಹೋಯಿತು, ಡ್ರಮ್ ಜೋರಾಗಿ ತಿರುಗಿ ಹಿಂಡಿತು. ಅವರು ಒಂದು ಬೆರಳು ಮಡಚಿದರು. ಮತ್ತೆ ಹೊಸ ನೀರು, ಮತ್ತೆ ಹಿಂಡಿತು. ಎರಡು. ನಾವು ಇನ್ನೊಂದು ಸಲ ಜಾಲಿಸುವ ಗುಂಡಿಯನ್ನೂ ಒತ್ತಿದ್ದೆವು. ಮೂರನೆಯ ಬೆರಳು ಮಡಚಿದ ಮೇಲೆ ಎದ್ದು, “ಮೂರು ಪೂರಾ ಆಯಿತು” ಎಂದು ಅಸರ್ ನಮಾಝಿಗೆ ಹೊರಟರು. ಆ ಯಂತ್ರವನ್ನು ಮಾಡಿದವರು ಯಾರು, ಮುಟ್ಟಿದವರು ಯಾರು ಎಂದು ಅವರು ಕೇಳಲಿಲ್ಲ. ನೀರು ಎಷ್ಟು ಸಲ ಬದಲಾಯಿತು ಎಂಬುದಷ್ಟೇ ಅವರಿಗೆ ಬೇಕಿತ್ತು. ನಿಯಮ ಕೇಳುವುದೂ ಅಷ್ಟನ್ನೇ.

ಮರುದಿನ ಬೇರೊಂದು ಪ್ರಶ್ನೆ ಬಂತು. ನಮ್ಮ ಮನೆಯ ಬಟ್ಟೆ ಒಗೆಯಲು ಹಲವು ವರ್ಷಗಳಿಂದ ಬರುತ್ತಿದ್ದ ಹೆಂಗಸು ಯಂತ್ರವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಬಟ್ಟೆ ಕೆಲಸ ಹೋದ್ರೆ ಹೋಗ್ಲಿ ಅಮ್ಮಾ, ಸಂಬಳಾನೂ ಹೋಗುತ್ತಾ?” ಅವಳ ಬೆರಳಿನ ಸಂದುಗಳು ಸೋಪಿನ ಪುಡಿಗೆ ಬಿರುಕು ಬಿಟ್ಟಿದ್ದನ್ನು ನಾವೆಲ್ಲ ನೋಡಿದ್ದೆವು. ಆ ಕೈಗೆ ಬಿಡುವು ಬೇಕೆಂದೇ ನಮ್ಮ ಮನೆಯಲ್ಲಿ ಯಂತ್ರದ ಮಾತು ಬಂದಿತ್ತು ಎಂದರೆ ಅದು ಪೂರ್ತಿ ಸತ್ಯವಲ್ಲ. ನಮ್ಮ ಅನುಕೂಲವೂ ಅದರಲ್ಲಿತ್ತು. ಸಂಬಳ ಕಡಿಮೆ ಮಾಡುವುದು ಬೇಡ, ಉಳಿದ ಹೊತ್ತು ಅವಳದೇ ಎಂದು ಮನೆಯಲ್ಲಿ ತೀರ್ಮಾನವಾಯಿತು. ಬೀದಿಯಲ್ಲಿ ಇದಕ್ಕೆ ಆಕ್ಷೇಪಣೆ ಬಂತು. ಕೆಲಸವಿಲ್ಲದೆ ಸಂಬಳ ಕೊಟ್ಟರೆ ಉಳಿದವರಿಗೆ ಕಷ್ಟ ಎಂದರು. ಆದರೆ ಅವಳ ಕೆಲಸವನ್ನು ಯಂತ್ರ ಮಾಡುತ್ತಿರುವಾಗ ಆ ಲಾಭ ಪೂರ್ತಿ ನಮಗೇ ಸೇರಬೇಕೆಂಬ ನ್ಯಾಯ ಯಾವುದು? ಆಯಗಾರನಿಗೆ ಕಣದಲ್ಲಿ ಪಾಲಿತ್ತು. ಅಗಸನ ಕಸುಬು ಕೈಬಿಟ್ಟಾಗ ಆ ಪಾಲೂ ಸದ್ದಿಲ್ಲದೆ ಹೋಯಿತು. ಅದೇ ಕಥೆ ಮನೆಗೆಲಸದವರ ಪಾಲಿಗೆ ಮರುಕಳಿಸಬೇಕೇ?

ಯಂತ್ರದಿಂದ ಮನೆಯೊಡತಿಗಾದರೂ ಬಿಡುವು ಸಿಕ್ಕಿತೇ? ಇದರ ಬಗ್ಗೆ ವಿದ್ವಾಂಸರಲ್ಲಿ ಎರಡು ಮಾತಿದೆ. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ 2010ರ ಒಂದು ಭಾಷಣದಲ್ಲಿ ತಮ್ಮ ಬಾಲ್ಯದ ಮನೆಗೆ ಯಂತ್ರ ಬಂದ ದಿನವನ್ನು ನೆನೆದಿದ್ದರು. ಜೀವಮಾನವಿಡೀ ಸೌದೆ ಉರಿಯಲ್ಲಿ ನೀರು ಕಾಯಿಸಿ ಒಗೆದಿದ್ದ ಅಜ್ಜಿ ಯಂತ್ರದ ಮುಂದೆ ಕುಳಿತು ನೋಡಿದ್ದರಂತೆ. ಉಳಿದ ಸಮಯದಲ್ಲಿ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ದರಂತೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ಇನ್ನೊಂದು ಮುಖ ತೋರಿಸಿದರು. ಯಂತ್ರ ಬಂದ ಮೇಲೆ ಹೊರಗಿನ ಲಾಂಡ್ರಿ ಹೋಯಿತು, ಒಗೆಯಲು ಬರುತ್ತಿದ್ದವಳು ಹೋದಳು, ಗಂಡಸರ ಕೈ ಹಗುರವಾಯಿತು, ಶುಚಿಯ ಮಟ್ಟ ಏರಿತು. ಕೊನೆಗೆ ಎಲ್ಲವೂ ತಾಯಿಯೊಬ್ಬಳ ಪಾಲಿಗೆ ಉಳಿಯಿತು.

ಎರಡೂ ನಿಜ ಎನ್ನುವುದು ನಮ್ಮ ಅನುಭವ. ಹಿಂಡುವ ಶ್ರಮ ಹೋಗಿದೆ. ಆದರೆ ಜೇಬು ನೋಡಿ, ಬಣ್ಣ ಬಿಡುವ ಬಟ್ಟೆ ಬೇರ್ಪಡಿಸಿ, ಒಣಹಾಕಿ, ಮಡಚಿ, ಕಪಾಟಿಗೆ ಸೇರಿಸುವ ಕೆಲಸವನ್ನು ಯಾವ ಯಂತ್ರವೂ ಮಾಡುವುದಿಲ್ಲ. ನಿನ್ನೆ ಒಮ್ಮೆ ಹಾಕಿದ ಅಂಗಿಯೂ ಇಂದು ಒಗೆಯಲು ಬೀಳುತ್ತದೆ, ಹೇಗೂ ಮೆಷಿನ್ ಇದೆಯಲ್ಲ ಎಂದು. ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಮನೆಗೆಲಸಕ್ಕೆ ಕೈಹಾಕಿದ ಗಂಡಸರು ಕೊಟ್ಟದ್ದು 97 ನಿಮಿಷ. ಕೈಹಾಕಿದ ಗಂಡಸರ ಸಂಖ್ಯೆಯಾದರೂ ನೂರಕ್ಕೆ ಸುಮಾರು 26.

ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂಬರ್ಥದ ಉತ್ತರವನ್ನು ಹಝ್ರತ್ ಆಯಿಶಾ(ರ) ಕೊಟ್ಟರೆಂದು ಬುಖಾರಿಯಲ್ಲಿದೆ. ಸ್ವಂತ ಬಟ್ಟೆಗೆ ತೇಪೆ ಹಾಕುತ್ತಿದ್ದರು, ಪಾದರಕ್ಷೆ ಹೊಲಿಯುತ್ತಿದ್ದರು ಎಂದು ಬೇರೆ ವರದಿಗಳಿವೆ. ಗಡ್ಡದ ಅಳತೆಯಲ್ಲಿ ಸುನ್ನತ್ ಹುಡುಕುವ ನಾವು ತೇಪೆಯಲ್ಲಿರುವ ಸುನ್ನತನ್ನು ಏಕೆ ಮರೆಯುತ್ತೇವೆ?

ಬಟ್ಟೆ ಹಾಕುವುದು, ಗುಂಡಿ ಒತ್ತುವುದು, ಒಣಹಾಕುವುದು ಹತ್ತು ವರ್ಷದ ಹುಡುಗನಿಗೂ ಬರುವಂಥ ಕೆಲಸ. ಕಲ್ಲಿನ ಕಾಲದಲ್ಲಿ ತೋಳಿನ ಬಲ, ಕಸುಬಿನ ಗುಟ್ಟು ಎಂಬ ನೆಪಗಳಾದರೂ ಇದ್ದವು. ಈಗ ಯಾವ ನೆಪವೂ ಉಳಿದಿಲ್ಲ. ಹೆಣ್ಣುಮಕ್ಕಳಿಗೆ ತಹಾರತ್‌ನ ನಿಯಮ ಕಲಿಸುವ ಮನೆಗಳು ಗಂಡುಮಕ್ಕಳಿಗೆ ಈ ಮೂರು ಕೆಲಸ ಕಲಿಸಲಿ. ಯಂತ್ರ ಕೊಂಡ ಮನೆಗಳು ಒಗೆಯಲು ಬರುತ್ತಿದ್ದವಳ ಸಂಬಳದ ಮಾತನ್ನು ಅವಳು ಕೇಳುವ ಮೊದಲೇ ಆಡಿ ಮುಗಿಸಲಿ.