ಟ್ರೋಜನ್: ಗುರುತಿಸುವ ಬಗೆ, ಪರಿಶೀಲಿಸುವ ಕ್ರಮ

ಉಪಯುಕ್ತ ತಂತ್ರಾಂಶದ ವೇಷದಲ್ಲಿ ಗಣಕಯಂತ್ರವನ್ನು ಹೊಕ್ಕು ಮರೆಯಲ್ಲಿ ಕೇಡೆಸಗುವುದೇ ಟ್ರೋಜನ್. ವೈರಸ್ಸಿನಂತೆ ಇದು ತಾನಾಗಿ ಹರಡದು. ಬಾಗಿಲನ್ನು ನಾವೇ ತೆರೆಯಬೇಕು. 1989ರಲ್ಲಿ ಏಡ್ಸ್ ಮಾಹಿತಿಯೆಂದು ಅಂಚೆಯಲ್ಲಿ ಹಂಚಲಾದ ಫ್ಲಾಪಿಯೊಂದು, ಯಂತ್ರವನ್ನು ಸುಮಾರು 90 ಬಾರಿ ಚಾಲನೆಗೊಳಿಸಿದ ಬಳಿಕ ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ 189 ಡಾಲರ್ ಕೇಳುತ್ತಿತ್ತು. ಕಡತಗಳ ಒಳವಿಷಯ ಕೆಟ್ಟಿರಲಿಲ್ಲವೆಂಬುದು ಪರಿಶೀಲನೆಯಿಂದ ತಿಳಿದು, ಬಿಡಿಸುವ ತಂತ್ರಾಂಶವೂ ರಚಿತವಾಯಿತು.

ಇಂದು ಅದು 'ಫಲಿತಾಂಶ.ಪಿಡಿಎಫ್.ಇಎಕ್ಸ್‌ಇ'ಯಂತಹ ಹೆಸರಿನಲ್ಲಿ ಬರಬಹುದು. ಕೊನೆಯ ಬಾಲವನ್ನು ವಿಂಡೋಸ್ ಮರೆಮಾಚುವುದರಿಂದ ಪಿಡಿಎಫ್ ಎಂದೇ ಕಾಣುತ್ತದೆ. ಕಡತ ವಿಸ್ತರಣೆಯನ್ನು ತೋರಿಸುವ ಆಯ್ಕೆಯನ್ನು ಮೊದಲೇ ತೆರೆದಿಡಬೇಕು. ಎಚ್ಚರಿಕೆಯ ಕಿಟಕಿ ಇಂಗ್ಲಿಷಿನಲ್ಲಿ ಬಂದಾಗ ಓದದೆ 'ಯೆಸ್' ಒತ್ತುವ ರೂಢಿಯನ್ನು ನಮ್ಮ ಕನ್ನಡ ಶಾಲೆಗಳಲ್ಲಿ ಕಂಡಿದ್ದೇವೆ. ಮಕ್ಕಳ ತಪ್ಪೆನ್ನಲಾರೆವು.

ಶಂಕೆ ಮೂಡಿದೊಡನೆ ಅಂತರಜಾಲವನ್ನು ಕಡಿದು, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯನ್ನು ನೋಡಬೇಕು. ಹೆಸರನ್ನಷ್ಟೇ ನಂಬಲಾಗದು: ನಿಜವಾದ 'ಎಸ್‌ವಿಸಿಹೋಸ್ಟ್' ವಿಂಡೋಸ್ ಕೋಶದೊಳಗಿರುತ್ತದೆಯೇ ಹೊರತು ಡೌನ್‌ಲೋಡ್ಸ್‌ನಲ್ಲಿ ಅಲ್ಲ. ಬಳಿಕ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ವಿಂಡೋಸ್ ಪೂರ್ಣವಾಗಿ ಏಳುವ ಮುನ್ನವೇ ಅದು ಹುಡುಕುವುದರಿಂದ ಅಡಗಿದ್ದೂ ಸಿಕ್ಕೀತು. ವೈರಸ್‌ಟೋಟಲ್‌ಗೆ ಶಂಕಿತ ಕಡತವನ್ನು ಕಳುಹಿಸಬಹುದು, ಅಂಕಪಟ್ಟಿ, ಆಧಾರ್ ಪ್ರತಿಗಳನ್ನಲ್ಲ. ಅಲ್ಲಿ ಏರಿಸಿದ್ದು ಪರರ ಕೈಗೂ ಸೇರುತ್ತದೆ. ಗುಪ್ತಪದಗಳನ್ನು ಬೇರೊಂದು ಸಾಧನದಿಂದಲೇ ಬದಲಿಸತಕ್ಕದ್ದು.