ಅರಿಸಿನದ ಹಾಲು, ಮೆಣಸಿನ ಚಿಟಿಕೆ

ಯಲಹಂಕದ ನಮ್ಮ ಮನೆಯಲ್ಲಿ ಅಜ್ಜಿ ಕೀಲುನೋವಿಗೆ ಕೊಡುತ್ತಿದ್ದ ಅರಿಸಿನದ ಹಾಲಿನಲ್ಲಿ ಚಿಟಿಕೆ ಕಾಳುಮೆಣಸಿನ ಪುಡಿಯೂ ಇರುತ್ತಿತ್ತು, ರುಚಿಗೆಂದೇ ತಿಳಿದಿದ್ದೆ.

ಅರಿಸಿನದ ಹಳದಿ ಸತ್ವ ಕರ್ಕ್ಯುಮಿನ್ ಅನ್ನು ಯೂರೋಪಿನ ರಸಾಯನಜ್ಞರು 1815ರಲ್ಲಿ ಬೇರ್ಪಡಿಸಿದರು. ಜೀವಕೋಶಗಳಲ್ಲಿ ಉರಿಯೂತಕ್ಕೆ ಆಜ್ಞೆಯೀಯುವ ಒಂದು ಪ್ರೋಟೀನನ್ನು ಅದು ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡದ್ದು 1995ರಲ್ಲಿ. ಆದರೆ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಬೆರೆಸಿ ಆರೋಗ್ಯವಂತರಿಗೆ ಕೊಟ್ಟರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು.

ಅಜ್ಜಿಯೇ ಗೆದ್ದಳೆಂದು ಹಿಗ್ಗಿ, ಸಂಧಿವಾತಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ನಾನು ಬಿಟ್ಟೆ. ನನ್ನ ಬೆರಳು ಸೊಟ್ಟಗಾದವು. ರಕ್ತವನ್ನು ಸೇರುವುದು ಬೇರೆ, ರೋಗವನ್ನು ಗೆಲ್ಲುವುದು ಬೇರೆ. ಈಗ ಹಾಲೂ ಉಂಟು, ಮಾತ್ರೆಯೂ ಉಂಟು, ವೈದ್ಯರನ್ನು ಕೇಳಿಯೇ.