ಜಿನೋಮ್ ಬ್ರೌಸರ್: ವಂಶವಾಹಿಗಳ ದೂರದ ನಂಟು ತೋರುವ ಕಮಾನುಗಳು

ಕೆಲವು ಕುಟುಂಬಗಳಲ್ಲಿ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಇರುವ ಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಹುಟ್ಟುತ್ತಾರೆ. ಇಂಥ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಏಳನೇ ವರ್ಣತಂತುವಿನಲ್ಲಿ ಎಲ್‌ಎಂಬಿಆರ್1 ಎಂಬ ವಂಶವಾಹಿಯ ಒಡಲಲ್ಲಿ ವ್ಯತ್ಯಾಸ ಕಂಡುಬಂತು. ಆದರೆ ತಪ್ಪು ಆ ವಂಶವಾಹಿಯದ್ದಾಗಿರಲಿಲ್ಲ. ಅದರೊಳಗೆ ಅಡಗಿದ್ದ ಸುಮಾರು 800 ಅಕ್ಷರಗಳ ತುಣುಕೊಂದು, ಸುಮಾರು 10 ಲಕ್ಷ ಅಕ್ಷರಗಳಾಚೆ ಇರುವ 'ಸೋನಿಕ್ ಹೆಡ್ಜ್‌ಹಾಗ್' (ಎಸ್‌ಎಚ್‌ಎಚ್) ಎಂಬ ಬೇರೊಂದು ವಂಶವಾಹಿಯನ್ನು ನಿಯಂತ್ರಿಸುತ್ತದೆ ಎಂಬುದನ್ನು 2003ರಲ್ಲಿ ಎಡಿನ್‌ಬರೋದ ಸಂಶೋಧಕರ ತಂಡ ಪ್ರಕಟಿಸಿತು. ಈ ತುಣುಕಿನ ಹೆಸರು ಝಡ್‌ಆರ್‌ಎಸ್.

ವಂಶವಾಹಿಗಳ ಇಂತಹ ದೂರದ ನಂಟನ್ನು ಇಂದು ಕಂಪ್ಯೂಟರ್ ಪರದೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಬಳಸುವ ಸಾಧನವೇ ಜಿನೋಮ್ ಬ್ರೌಸರ್.

ಏನಿದು ಜಿನೋಮ್ ಬ್ರೌಸರ್?

ಮಾನವನ ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಬರೆದ ಗ್ರಂಥಕ್ಕೆ ಹೋಲಿಸುವುದು ವಾಡಿಕೆ. ಇದರಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ವಂಶವಾಹಿಗಳು ಸುಮಾರು 20 ಸಾವಿರ. ಪ್ರೋಟೀನ್‌ಗೆ ನೇರವಾಗಿ ಸಂಬಂಧಿಸಿದ ಅಕ್ಷರಗಳು ಒಟ್ಟು ಗ್ರಂಥದ ಶೇ. 2ಕ್ಕಿಂತ ಕಡಿಮೆ.

ಈ ಬೃಹತ್ ಗ್ರಂಥವನ್ನು ನಕ್ಷೆಯ ರೂಪದಲ್ಲಿ ತೋರಿಸುವ ತಂತ್ರಾಂಶವೇ ಜಿನೋಮ್ ಬ್ರೌಸರ್. ಅಮೆರಿಕದ ಸಾಂತಾಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2000ದಲ್ಲಿ ಆರಂಭಿಸಿದ ಯುಸಿಎಸ್‌ಸಿ ಜಿನೋಮ್ ಬ್ರೌಸರ್ ಇವುಗಳಲ್ಲಿ ಪ್ರಸಿದ್ಧವಾದುದು. ಇದರ ಮೂಲ ತಂತ್ರಾಂಶವನ್ನು ಬರೆದವರು ಜಿಮ್ ಕೆಂಟ್. ಇಂಗ್ಲೆಂಡ್‌ನ ಹಿಂಕ್ಸ್‌ಟನ್‌ನಿಂದ ನಡೆಯುವ ಎನ್ಸೆಂಬಲ್ ಕೂಡ ಇದೇ ಬಗೆಯದು. ಪರದೆಯ ಅಡ್ಡಗೆರೆ ವರ್ಣತಂತುವಿನ ಉದ್ದವನ್ನು ಸೂಚಿಸುತ್ತದೆ. ಅದರ ಕೆಳಗೆ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಪಟ್ಟಿ ಇರುತ್ತದೆ. ಇವುಗಳಿಗೆ 'ಟ್ರ್ಯಾಕ್' ಎಂದು ಹೆಸರು.

ಸ್ವಿಚ್ಚು ಇಲ್ಲಿ, ದೀಪ ಅಲ್ಲಿ

ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಯಾವ ವಂಶವಾಹಿ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದರಲ್ಲಿ ಮಾತ್ರ ವ್ಯತ್ಯಾಸ. ಇದನ್ನು ನಿರ್ಧರಿಸುವ ತುಣುಕುಗಳಲ್ಲಿ 'ಎನ್‌ಹಾನ್ಸರ್'ಗಳು ಮುಖ್ಯವಾದವು. ಮನೆಯ ಬಾಗಿಲ ಬಳಿಯ ಸ್ವಿಚ್ಚು ಅಂಗಳದ ದೀಪವನ್ನು ಬೆಳಗಿಸುವಂತೆ, ಇವು ದೂರದ ವಂಶವಾಹಿಯನ್ನು ಚಾಲೂ ಮಾಡಬಲ್ಲವು. ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡು ಮಡಚಿರುವುದರಿಂದ, ನಕ್ಷೆಯಲ್ಲಿ ದೂರವಿರುವ ಎರಡು ಜಾಗಗಳು ವಾಸ್ತವದಲ್ಲಿ ಹತ್ತಿರ ಬರುತ್ತವೆ. ಯಾವ ಜಾಗಗಳು ಹೀಗೆ ಹತ್ತಿರ ಬರುತ್ತವೆಂದು ಇಡೀ ಜಿನೋಮ್‌ನಲ್ಲಿ ಅಳೆಯುವ 'ಹೈ-ಸಿ' ಎಂಬ ವಿಧಾನ 2009ರಲ್ಲಿ ಪ್ರಕಟವಾಯಿತು.

ಬೆರಳಿನ ಪ್ರಕರಣದಲ್ಲಿ ನಡೆದದ್ದೂ ಇದೇ. ಭ್ರೂಣದ ಕೈ ರೂಪುಗೊಳ್ಳುವಾಗ ಎಸ್‌ಎಚ್‌ಎಚ್ ಕಿರುಬೆರಳಿನ ಬದಿಯಲ್ಲಷ್ಟೇ ಕೆಲಸ ಮಾಡಬೇಕು. ಝಡ್‌ಆರ್‌ಎಸ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಅದು ಹೆಬ್ಬೆರಳಿನ ಬದಿಯಲ್ಲೂ ಚಾಲೂ ಆಗಬಹುದು. ಆಗ ಹೆಚ್ಚುವರಿ ಬೆರಳು ಮೂಡುತ್ತದೆ. ಎಸ್‌ಎಚ್‌ಎಚ್ ವಂಶವಾಹಿಯೇ ಕೆಟ್ಟರೆ ಮಿದುಳಿನ ಬೆಳವಣಿಗೆಗೇ ಧಕ್ಕೆಯಾಗಬಹುದು. ಸ್ವಿಚ್ಚು ಕೆಟ್ಟಾಗ ತೊಂದರೆ ಕೈಕಾಲುಗಳಿಗೆ ಸೀಮಿತವಾಗಿರುವುದು ಆ ಸ್ವಿಚ್ಚು ಕೈಕಾಲುಗಳಿಗೆ ಮಾತ್ರ ಸೇರಿದ್ದು ಎಂಬ ಕಾರಣಕ್ಕೆ. (ಎಲ್ಲ ಆರು ಬೆರಳಿಗೂ ಇದೊಂದೇ ಕಾರಣವಲ್ಲ, ಕಿರುಬೆರಳಿನ ಬದಿಯ ಹೆಚ್ಚುವರಿ ಬೆರಳಿಗೆ ಬೇರೆ ಕಾರಣಗಳಿವೆ.)

ನೋಡುವುದು ಹೇಗೆ?

ಯುಸಿಎಸ್‌ಸಿ ತಾಣದಲ್ಲಿ ಮಾನವ ಜಿನೋಮ್‌ನ ಎಚ್‌ಜಿ38 ಆವೃತ್ತಿಯನ್ನು ಆಯ್ದುಕೊಂಡು, ಏಳನೇ ವರ್ಣತಂತುವಿನ 15.57 ಕೋಟಿಯಿಂದ 15.70 ಕೋಟಿವರೆಗಿನ ಭಾಗವನ್ನು ತೆರೆಯಬೇಕು. ಎಡಭಾಗದಲ್ಲಿ ಎಸ್‌ಎಚ್‌ಎಚ್, ಬಲಭಾಗದಲ್ಲಿ ಎಲ್‌ಎಂಬಿಆರ್1 ಕಾಣಿಸುತ್ತವೆ. ಬರೀ ಎಸ್‌ಎಚ್‌ಎಚ್ ಎಂದು ಹುಡುಕಿದರೆ ಆ ವಂಶವಾಹಿಯಷ್ಟೇ ಪರದೆ ತುಂಬುತ್ತದೆ. ದೂರದ ಸ್ವಿಚ್ಚು ಚೌಕಟ್ಟಿನಾಚೆ ಉಳಿದುಬಿಡುತ್ತದೆ. ನಂಟಿನ ಎರಡೂ ತುದಿಗಳು ಒಟ್ಟಿಗೆ ಕಾಣುವಷ್ಟು ಹಿಂದೆ ಸರಿದು ನೋಡುವುದೇ ಇಲ್ಲಿನ ಮೊದಲ ಪಾಠ.

ಬಳಿಕ ನಿಯಂತ್ರಣಕ್ಕೆ ಸಂಬಂಧಿಸಿದ ಟ್ರ್ಯಾಕ್‌ಗಳನ್ನು ತೆರೆಯಬಹುದು. ಎನ್‌ಕೋಡ್ ಯೋಜನೆಯ ಟ್ರ್ಯಾಕ್ ಸ್ವಿಚ್ಚುಗಳಾಗಿರಬಹುದಾದ ತುಣುಕುಗಳನ್ನು ಬಣ್ಣಗಳಿಂದ ಗುರುತಿಸುತ್ತದೆ: ವಂಶವಾಹಿಯ ಆರಂಭದ ಪ್ರೊಮೋಟರ್‌ಗೆ ಕೆಂಪು, ಸಮೀಪದ ಎನ್‌ಹಾನ್ಸರ್‌ಗೆ ಕಿತ್ತಳೆ, ದೂರದ್ದಕ್ಕೆ ಹಳದಿ. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು ಸಿದ್ಧಪಡಿಸಿದ ಜೀನ್‌ಹಾನ್ಸರ್ ಟ್ರ್ಯಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎನ್‌ಹಾನ್ಸರ್‌ನಿಂದ ಅದು ನಿಯಂತ್ರಿಸುವುದೆಂದು ನಂಬಲಾದ ವಂಶವಾಹಿಗೆ ಕಮಾನು ಎಳೆದು ತೋರಿಸುತ್ತದೆ. ಕಮಾನಿನ ಮೇಲೆ ಕ್ಲಿಕ್ಕಿಸಿದರೆ ವಿವರ ಹಾಗೂ ನಂಟಿನ ಬಲವನ್ನು ಸೂಚಿಸುವ ಅಂಕ ದೊರೆಯುತ್ತದೆ. ಒಂದಕ್ಕಿಂತ ಹೆಚ್ಚು ಮೂಲಗಳ ಆಧಾರವಿರುವ ನಂಟುಗಳನ್ನು ಮಾತ್ರ ಪ್ರತ್ಯೇಕವಾಗಿ ನೋಡಲೂ ಅವಕಾಶವಿದೆ. ಹೈ-ಸಿ ಮಾಹಿತಿಯನ್ನು ಚೌಕ, ತ್ರಿಕೋನ ಅಥವಾ ಕಮಾನುಗಳ ರೂಪದಲ್ಲಿ ಕಾಣಬಹುದು.

ಕಮಾನು ಸುಳಿವು, ತೀರ್ಪಲ್ಲ

ಎರಡು ಜಾಗಗಳು ಹತ್ತಿರ ಬಂದ ಮಾತ್ರಕ್ಕೆ ಒಂದು ಇನ್ನೊಂದನ್ನು ನಿಯಂತ್ರಿಸುತ್ತದೆ ಎನ್ನಲಾಗದು. ಕಮಾನು ಇಲ್ಲವೆಂದ ಮಾತ್ರಕ್ಕೆ ನಂಟೇ ಇಲ್ಲವೆಂದೂ ಅಲ್ಲ. ಭ್ರೂಣದ ಕೈಯಲ್ಲಿ ಕೆಲವೇ ದಿನ ನಡೆಯುವ ಕ್ರಿಯೆ ವಯಸ್ಕರ ರಕ್ತಕೋಶದ ಮಾಹಿತಿಯಲ್ಲಿ ಕಾಣಬೇಕಾಗಿಲ್ಲ. ಆದ್ದರಿಂದ ಮಾಹಿತಿ ಯಾವ ಜೀವಕೋಶದ್ದೆಂದು ನೋಡುವುದು ಅಗತ್ಯ. ಅಂತಿಮ ಸಾಕ್ಷ್ಯ ಪ್ರಯೋಗದ್ದೇ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿ ಝಡ್‌ಆರ್‌ಎಸ್ ತುಣುಕನ್ನು ತೆಗೆದುಹಾಕಿದಾಗ ಅವುಗಳ ಕಾಲುಗಳು ಪೂರ್ಣವಾಗಿ ಬೆಳೆಯಲಿಲ್ಲ. ನಂಟು ಖಚಿತವಾದದ್ದು ಹೀಗೆ.

ಹತ್ತಿರದ ವಂಶವಾಹಿಯನ್ನೇ ಅಪರಾಧಿಯೆಂದು ಭಾವಿಸುವುದು ಎಷ್ಟು ದಾರಿ ತಪ್ಪಿಸೀತು ಎಂಬುದಕ್ಕೆ ಬೊಜ್ಜಿನ ಸಂಶೋಧನೆಯೂ ನಿದರ್ಶನ. 2007ರಲ್ಲಿ ಎಫ್‌ಟಿಒ ವಂಶವಾಹಿಯೊಳಗಿನ ವ್ಯತ್ಯಾಸಗಳಿಗೂ ಬೊಜ್ಜಿಗೂ ಸಂಬಂಧವಿದೆಯೆಂದು ತಿಳಿದುಬಂದು, ಗಮನವೆಲ್ಲ ಅದರತ್ತ ಹರಿಯಿತು. ಆ ಭಾಗ ಸುಮಾರು 5 ಲಕ್ಷ ಅಕ್ಷರಗಳಾಚೆಯ ಐಆರ್‌ಎಕ್ಸ್3 ವಂಶವಾಹಿಯೊಂದಿಗೆ ನಂಟು ಹೊಂದಿದೆಯೆಂದು 2014ರಲ್ಲಿ ಪ್ರಕಟವಾಯಿತು.

ರೋಗಿಗೇನು ಲಾಭ?

ಪ್ರೋಟೀನ್ ಸೂಚನೆಯ ಭಾಗಗಳನ್ನಷ್ಟೇ ಓದುವ ಎಕ್ಸೋಮ್ ಪರೀಕ್ಷೆಯ ಕಣ್ಣಿಗೆ ಝಡ್‌ಆರ್‌ಎಸ್‌ನಂತಹ ತುಣುಕುಗಳು ಸಾಮಾನ್ಯವಾಗಿ ಬೀಳುವುದಿಲ್ಲ. ವರದಿಯಲ್ಲಿ ದೋಷವಿಲ್ಲವೆಂದು ಬಂದರೂ ದೋಷ ಸ್ವಿಚ್ಚಿನಲ್ಲಿರಬಹುದು.

ಚಿಕಿತ್ಸೆಯ ದಾರಿಯೂ ಇಲ್ಲಿಂದಲೇ ತೆರೆದುಕೊಂಡಿದೆ. ಮೈಸೂರು, ಚಾಮರಾಜನಗರ ಭಾಗದ ಕೆಲವು ಗಿರಿಜನ ಸಮುದಾಯಗಳನ್ನೂ ಕಾಡುವ ಕುಡಗೋಲು ರಕ್ತಕಣ ರೋಗಕ್ಕೆ (ಸಿಕಲ್ ಸೆಲ್) 2023ರಲ್ಲಿ ಬ್ರಿಟನ್ ಹಾಗೂ ಅಮೆರಿಕ ಒಪ್ಪಿಗೆ ನೀಡಿದ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ, ಬಿಸಿಎಲ್11ಎ ವಂಶವಾಹಿಯ ಪ್ರೋಟೀನ್ ಸೂಚನೆಯನ್ನು ಮುಟ್ಟುವುದಿಲ್ಲ. ರಕ್ತಕಣಗಳಲ್ಲಿ ಅದನ್ನು ಚಾಲೂ ಮಾಡುವ ಎನ್‌ಹಾನ್ಸರ್ ಅನ್ನಷ್ಟೇ ಕತ್ತರಿಸಲಾಗುತ್ತದೆ. ಆಗ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಮತ್ತೆ ಉತ್ಪತ್ತಿಯಾಗಿ ರೋಗಿಗೆ ಆಸರೆಯಾಗುತ್ತದೆ. ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಖಚಿತವಾಗಿ ತಿಳಿದಿದ್ದರಿಂದಲೇ ಇದು ಸಾಧ್ಯವಾಯಿತು.